ಎದುರಿಗೆ ಇಲ್ಲದವನ ಜೊತೆ ಮಾತು: ದ್ವಿಪಾತ್ರದ ಶಾಟ್ ತೆಗೆಯುವ ಬಗೆ

ಡಬಲ್ ಆಕ್ಟಿಂಗ್ ಸಿನಿಮಾ ನೋಡಿ ಹೊರಬಂದವರನ್ನು ಕೇಳಿದರೆ, ಅಣ್ಣ-ತಮ್ಮ ಇಬ್ಬರೂ ಸಿನಿಮಾ ಪೂರ್ತಿ ಜೊತೆಗೇ ಇದ್ದರು ಅನ್ನುತ್ತಾರೆ. ಅದೇ ಸಿನಿಮಾವನ್ನು ಇನ್ನೊಮ್ಮೆ ಹಾಕಿಕೊಂಡು, ಎರಡೂ ಮುಖ ಒಂದೇ ಫ್ರೇಮಿನಲ್ಲಿ ಸ್ಪಷ್ಟವಾಗಿ ಕಾಣುವ ಶಾಟ್‌ಗಳನ್ನಷ್ಟೇ ಎಣಿಸಿ ನೋಡಿ. ಹಳೆಯ ಸಿನಿಮಾವಾದರೆ ಎಣಿಕೆ ಬಹಳ ಬೇಗ ಮುಗಿಯುತ್ತದೆ. ಮಿಕ್ಕ ಕಡೆಯೆಲ್ಲ ಒಬ್ಬನ ಮುಖ, ಇನ್ನೊಬ್ಬನ ಬೆನ್ನು. ಆ ಬೆನ್ನು ಡೂಪ್‌ನದ್ದು. ಆದರೂ ನಮಗೆ ಇಬ್ಬರನ್ನೂ ನೋಡಿದ ನೆನಪೇ ಉಳಿದಿರುತ್ತದೆ.

ಆ ನಂಬಿಕೆ ಹುಟ್ಟುವುದು ಹೇಗೆ ಅನ್ನುವುದು ಈ ಬರಹದ ವಿಷಯ. ಒಬ್ಬನೇ ನಟನನ್ನು ಎರಡು ಸಲ ತೆಗೆದು ಬೆಸೆದ ಚಿತ್ರಗಳ ನಡುವಿನ ಗೆರೆಯನ್ನು ಅಳಿಸುವ ವಿದ್ಯೆ ಸಿನಿಮಾದಷ್ಟೇ ಹಳೆಯದು, ಈಗಂತೂ ಫೋನಿನಲ್ಲೇ ಮಾಡಬಹುದು. ಕೆಲಸ ಕೆಡುವುದು ಹೆಚ್ಚಾಗಿ ನಟನ ಕಣ್ಣಿನಲ್ಲಿ ಮತ್ತು ಮಾತಿನ ನಡುವಿನ ಬಿಡುವಿನಲ್ಲಿ. ಕಿರುಚಿತ್ರ ಮಾಡುವ ಹುಡುಗರು ಗೆರೆಗೆ ಕೊಡುವ ಸಮಯದ ಅರ್ಧವನ್ನಾದರೂ ಈ ಎರಡಕ್ಕೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಹಳೆಯ ವಿಧಾನ. ಅದು ಗೊತ್ತಿದ್ದರೆ ಇವತ್ತಿನ ತಪ್ಪುಗಳ ಕಾರಣವೂ ತಾನಾಗಿ ಹೊಳೆಯುತ್ತದೆ.

ನಮ್ಮ ದೇಶದಲ್ಲಿ ಒಬ್ಬನೇ ನಟ ಎರಡು ಪಾತ್ರ ಮಾಡಿದ ಮೊದಲ ಚಿತ್ರವೆಂದು ಹೆಸರಿಸುವುದು 1917ರ ‘ಲಂಕಾ ದಹನ’ವನ್ನು. ಫಾಲ್ಕೆಯವರ ಆ ಮೂಕಿಚಿತ್ರದಲ್ಲಿ ರಾಮನೂ ಸೀತೆಯೂ ಅಣ್ಣಾ ಸಾಳುಂಕೆ ಅವರೇ. ವೇಷ ಬದಲಿಸಿ ಬೇರೆ ಬೇರೆ ಶಾಟ್‌ಗಳಲ್ಲಿ ಬಂದರೆ ಕ್ಯಾಮೆರಾಕ್ಕೆ ಯಾವ ಕಷ್ಟವೂ ಇಲ್ಲ. ಒಟ್ಟಿಗೆ ನಿಲ್ಲಿಸಬೇಕಾದಾಗ ಬೇಕಾಗುವುದು ಮಾಸ್ಕ್ ಶಾಟ್. ಲೆನ್ಸಿನ ಮುಂದೆ ಕಪ್ಪು ತಗಡು ಇಟ್ಟು ಫ್ರೇಮಿನ ಬಲ ಅರ್ಧವನ್ನು ಮುಚ್ಚುತ್ತಾರೆ. ನಟ ಎಡಗಡೆ ನಿಂತು ಅಣ್ಣನ ಪಾತ್ರ ಮಾಡುತ್ತಾನೆ. ಲೆನ್ಸ್ ಪೂರ್ತಿ ಮುಚ್ಚಿ, ಫಿಲ್ಮನ್ನು ಶುರುವಿನ ಫ್ರೇಮಿಗೆ ಹಿಂದಕ್ಕೆ ಸುತ್ತಿ, ತಗಡನ್ನು ಎಡಕ್ಕೆ ಬದಲಿಸಿ, ಈಗ ತಮ್ಮನಾಗಿ ಬಲಗಡೆ ನಿಂತ ನಟನನ್ನು ಅದೇ ಫಿಲ್ಮಿನ ಮೇಲೆ ಮತ್ತೆ ತೆಗೆಯುತ್ತಾರೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಸೆಕೆಂಡಿಗೆ 24ರಂತೆ 20 ಸೆಕೆಂಡಿನ ಶಾಟ್ ಎಂದರೆ 480 ಫ್ರೇಮ್, 30 ಅಡಿ. ಹಿಂದಕ್ಕೆ ಸುತ್ತುವಾಗ ನಾಲ್ಕು ಫ್ರೇಮ್ ಹೆಚ್ಚುಕಡಿಮೆಯಾದರೂ ಅಣ್ಣನ ಪ್ರಶ್ನೆಗೆ ತಮ್ಮನ ತಲೆ ತಡವಾಗಿ ತಿರುಗುತ್ತದೆ.

ಎರಡು ಮಾಸ್ಕ್‌ಗಳ ಅಂಚು ಒಂದರ ಮೇಲೊಂದು ಬಿದ್ದರೆ ಆ ಪಟ್ಟಿಗೆ ಎರಡು ಸಲ ಬೆಳಕು ತಾಗಿ, ಪರದೆಯ ನಡುವೆ ಬಿಳಿಚಿದ ಗೆರೆ ಕಾಣುತ್ತದೆ. ನಡುವೆ ಸಂದು ಉಳಿದರೆ ಕಪ್ಪು ಗೆರೆ. ಹಳೆಯ ಚಿತ್ರಗಳಲ್ಲಿ ಇವೆರಡೂ ಸಿಗುತ್ತವೆ, ಹುಡುಕಿ ನೋಡಿ. ಇನ್ನೊಂದು ಸೂಕ್ಷ್ಮವಿದೆ. ತಗಡು ಲೆನ್ಸಿಗೆ ಹತ್ತಿರ ಇರುವುದರಿಂದ ಅದರ ಅಂಚು ಮಸುಕಾಗಿ ಬೀಳುತ್ತದೆ, ಆ ಮಸುಕೇ ಬೆಸುಗೆಯನ್ನು ಮರೆಸುವುದು. ಎಷ್ಟು ಮಸುಕು ಅನ್ನುವುದನ್ನು ನಿರ್ಧರಿಸುವುದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ. ಎರಡನೇ ಸಲಕ್ಕೆ ಬೆಳಕು ಹೆಚ್ಚಾಯಿತೆಂದು ಅಪರ್ಚರ್ ಕಿರಿದು ಮಾಡಿದರೆ ಅಂಚು ಚೂಪಾಗುತ್ತದೆ, ಮೊದಲ ಅರ್ಧಕ್ಕೆ ಹೊಂದುವುದಿಲ್ಲ. ಹಾಗಾಗಿ ಲೈಟನ್ನು ಸರಿಮಾಡಬೇಕೇ ಹೊರತು ಲೆನ್ಸನ್ನು ಮುಟ್ಟುವಂತಿಲ್ಲ.

ಬಸ್ಟರ್ ಕೀಟನ್ 1921ರ ‘ದಿ ಪ್ಲೇಹೌಸ್’ನಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಜನರಾಗಿ ಕೂತದ್ದು ಇದೇ ವಿದ್ಯೆಯಿಂದ. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಲೆನ್ಸಿನ ಮುಂದೆ ಒಂಬತ್ತು ಸೀಳುಗಳ ಪೆಟ್ಟಿಗೆ ಕಟ್ಟಿ, ಒಂದೊಂದನ್ನೇ ತೆರೆದು, ಪ್ರತಿ ಸಲ ಫಿಲ್ಮನ್ನು ಹಿಂದಕ್ಕೆ ಸುತ್ತಿದರು. ಆಗ ಕ್ಯಾಮೆರಾ ತಿರುಗುತ್ತಿದ್ದದ್ದು ಕೈಯಿಂದ. ಒಂಬತ್ತು ಸಲವೂ ಒಂದೇ ವೇಗದಲ್ಲಿ ತಿರುಗಿಸಿದ ಆ ಕೈಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ನಲ್ಲಿ ಅಲೆಕ್ ಗಿನ್ನೆಸ್ ಒಂದೇ ಫ್ರೇಮಿನಲ್ಲಿ ಆರು ಜನರಾಗಿ ಕಾಣುವ ಶಾಟ್‌ಗಾಗಿ ಛಾಯಾಗ್ರಾಹಕ ಡಗ್ಲಸ್ ಸ್ಲೋಕೋಂಬ್ ರಾತ್ರಿ ಕ್ಯಾಮೆರಾದ ಪಕ್ಕದಲ್ಲೇ ಮಲಗಿದರು, ಯಾರ ಕಾಲೂ ಅದಕ್ಕೆ ತಾಗಬಾರದೆಂದು.

ಈಗ ನಮ್ಮ ಕೈಯಲ್ಲಿರುವ ಸಲಕರಣೆಗೆ ಬರೋಣ. ಇಲ್ಲಿ ಫಿಲ್ಮ್ ಸುತ್ತುವ ಕೆಲಸವಿಲ್ಲ, ಎರಡು ಟೇಕ್ ಬೇರೆ ಬೇರೆ ತೆಗೆದು ಒಂದೊಂದರ ಅರ್ಧವನ್ನು ಎಡಿಟಿಂಗ್‌ನಲ್ಲಿ ಬೆಸೆಯುತ್ತೇವೆ. ಒಂದು ಫೋನ್ ಅಥವಾ ಕ್ಯಾಮೆರಾ, ಗಟ್ಟಿ ಟ್ರೈಪಾಡ್, ಎರಡು ಮರಳು ಚೀಲ, ಸೀಮೆಸುಣ್ಣ, ದಾರ, ಬಣ್ಣದ ಟೇಪ್, ಕಿವಿಗೆ ಹಾಕುವ ಸಣ್ಣ ಇಯರ್‌ಫೋನ್ ಮತ್ತು ನಟನಷ್ಟೇ ಎತ್ತರದ ಒಬ್ಬ ಡೂಪ್ ಇದ್ದರೆ ಸಾಕು.

ಟ್ರೈಪಾಡ್ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಮರಳು ಚೀಲ ತೂಗುಹಾಕಿ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಮ್ಯಾನ್ಯುಯಲ್ ಮಾಡಿ ಬೀಗ ಹಾಕಿ. ಆಟೋಫೋಕಸ್ ಚೂರು ಸರಿದರೂ ಚಿತ್ರದ ಅಳತೆಯೇ ಬದಲಾಗಿ ಬಾಗಿಲ ಚೌಕಟ್ಟು ಎರಡು ತುಂಡಾಗುತ್ತದೆ. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ. ಬಹಳ ಜನ ಮರೆಯುವುದು ಇದನ್ನೇ, ಟ್ರೈಪಾಡ್ ಮೇಲಿದ್ದರೂ ಅದು ಫ್ರೇಮನ್ನು ಒಳಗೊಳಗೇ ಸರಿಸುತ್ತಿರುತ್ತದೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಜ್, ಆದ್ದರಿಂದ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಬೆಳಕಿದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಇಲ್ಲದಿದ್ದರೆ ಎರಡು ಅರ್ಧಗಳ ಮಿಣುಕು ಬೇರೆ ಬೇರೆಯಾಗಿ ಕಾಣುತ್ತದೆ. ರೆಕಾರ್ಡ್ ಬಟನ್ ಬೆರಳಲ್ಲಿ ಒತ್ತಬೇಡಿ, ರಿಮೋಟ್ ಬಳಸಿ. ನಟರು ಬರುವ ಮುಂಚೆ ಖಾಲಿ ಜಾಗವನ್ನು ಹತ್ತು ಸೆಕೆಂಡ್ ತೆಗೆದಿಟ್ಟುಕೊಳ್ಳಿ. ಎಡಿಟಿಂಗ್‌ನಲ್ಲಿ ಏನಾದರೂ ಎಡವಟ್ಟಾದರೆ ತೇಪೆ ಹಾಕಲು ಆ ಬಟ್ಟೆಯೇ ಬೇಕು.

ಬೆಸುಗೆಯ ಗೆರೆಯನ್ನು ಸೆಟ್‌ನಲ್ಲಿ ಮೊದಲೇ ಆರಿಸಿಕೊಳ್ಳಿ. ಬಾಗಿಲ ಚೌಕಟ್ಟು, ಕಂಬ, ಬೀರುವಿನ ಅಂಚು ಒಳ್ಳೆಯವು. ಅಲ್ಲಾಡುವ ವಸ್ತುಗಳು ಗೆರೆಯ ಮೇಲೆ ಬೇಡವೇ ಬೇಡ: ಪರದೆ, ಫ್ಯಾನಿನ ನೆರಳು, ದೀಪದ ಕುಡಿ, ಹೊರಗಾದರೆ ಎಲೆ. ಫ್ರೇಮಿನಲ್ಲಿ ನೇರವಾಗಿ ಕಾಣುವ ಆ ಗೆರೆ ನೆಲದ ಮೇಲೆ ಲೆನ್ಸಿನಿಂದ ಹೊರಟು ದೂರ ಹೋಗುವ ಒಂದು ಸಾಲು. ಲೆನ್ಸಿನ ಕೆಳಗೆ ದಾರದ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಕಂಬದ ಬುಡಕ್ಕೆ ಎಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡೂ ಕಡೆ ಆರಾರು ಇಂಚು ಜಾಗ ಬಿಟ್ಟು ನಟರು ನಿಲ್ಲಬೇಕು. ರಿಹರ್ಸಲ್‌ನಲ್ಲಿ ಕೈ, ಸೆರಗು, ಶಲ್ಯ ಗೆರೆ ದಾಟುತ್ತದೆಯೇ ನೋಡಿ. ದಾಟಿದ ಕೈ ಪರದೆಯ ಮೇಲೆ ಗಾಳಿಯಲ್ಲಿ ಕತ್ತರಿಸಿದ ಹಾಗೆ ಮಾಯವಾಗುತ್ತದೆ.

ನೆರಳು ಇನ್ನೂ ಕಪಟಿ. ಎಡಗಡೆಯ ಅಣ್ಣನ ನೆರಳು ಬಲಗಡೆಯ ಗೋಡೆಯ ಮೇಲೆ ಬಿದ್ದರೆ ಗೆರೆಯ ಹತ್ತಿರ ಬಂದು ನಿಂತುಬಿಡುತ್ತದೆ. ಲೈಟನ್ನು ಎತ್ತರಕ್ಕೇರಿಸಿ ನೆರಳು ಕಾಲ ಬುಡಕ್ಕೆ ಬೀಳುವಂತೆ ಮಾಡುವುದು ಸುಲಭದ ಪರಿಹಾರ. ಹೊರಾಂಗಣದಲ್ಲಿ ಸೂರ್ಯನೇ ಶತ್ರು. ಬೆಳಗಿನ ಹೊತ್ತು ಆರಡಿ ಕಂಬದ ನೆರಳು ಆರಡಿ ಉದ್ದ ಇದೆಯೆಂದುಕೊಳ್ಳಿ, ಅರ್ಧ ಗಂಟೆಯಲ್ಲಿ ಅದರ ತುದಿ ನಮ್ಮ ನಾಡಿನಲ್ಲಿ ಒಂದಡಿಗೂ ಹೆಚ್ಚು ಸರಿದಿರುತ್ತದೆ. ಮೇಕಪ್ ಬದಲಿಸಲು ಒಂದು ಗಂಟೆ ಬೇಕಾದ ಪಾತ್ರವಾದರೆ ಆ ಶಾಟನ್ನು ಮನೆಯೊಳಗೆ ಬರೆದುಕೊಳ್ಳುವುದೇ ಕ್ಷೇಮ.

ಮೇಕಪ್‌ನ ಸರದಿಯನ್ನೂ ಯೋಚಿಸಬೇಕು. ಗಡ್ಡ ಅಸಲಿಯಾದರೆ ಗಡ್ಡದವನ ಭಾಗ ಮೊದಲು, ಆಮೇಲೆ ಶೇವಿಂಗ್. ಅಂಟಿಸುವ ಮೀಸೆಯಾದರೆ ಬೋಳುಮುಖದವನೇ ಮೊದಲು, ಏಕೆಂದರೆ ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಕಿತ್ತ ಮೇಲೆ ಮೂಗಿನ ಕೆಳಗೆ ಕೆಂಪು ಉಳಿಯುತ್ತದೆ, ಅದು ಇಳಿಯಲು ಹೊತ್ತು ಬೇಕು. ಇದಕ್ಕೆ ವಿರುದ್ಧವಾದ ಬೇಡಿಕೆಯೊಂದಿದೆ: ದೃಶ್ಯದ ಲಯವನ್ನು ಎಳೆದೊಯ್ಯುವ ಪಾತ್ರವನ್ನು ಮೊದಲು ತೆಗೆಯಬೇಕು. ಜಗಳ ಶುರುಮಾಡುವವನು, ಪ್ರಶ್ನೆ ಕೇಳುವವನು, ನಡೆದುಬರುವವನು ಮೊದಲು, ಪ್ರತಿಕ್ರಿಯಿಸುವವನು ಆಮೇಲೆ. ಮೊದಲನೆಯ ಅರ್ಧ ಒಮ್ಮೆ ಮುಗಿದರೆ ಎರಡನೆಯವನು ಆ ಲಯದೊಳಗೇ ಬದುಕಬೇಕು. ಮೇಕಪ್ಪೂ ಲಯವೂ ಬೇರೆ ಬೇರೆ ಸರದಿ ಕೇಳಿದರೆ ನಾನು ಲಯದ ಪರ, ಕೆಂಪಿಗೆ ಬಣ್ಣ ಹಚ್ಚಬಹುದು.

ಇನ್ನು ಕಣ್ಣು. ಖಾಲಿ ಜಾಗ ನೋಡಿ ಮಾತಾಡುವ ನಟನ ಎರಡೂ ಕಣ್ಣು ಸಮಾನಾಂತರವಾಗಿ ದೂರಕ್ಕೆ ಹೋಗುತ್ತವೆ. ಮೂರಡಿ ದೂರದ ಮನುಷ್ಯನನ್ನು ನೋಡುವಾಗ ಅವು ಚೂರು ಒಳಕ್ಕೆ ಕೂಡುತ್ತವೆ. ಪ್ರೇಕ್ಷಕರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅನ್ನಿಸುವುದು ಇಲ್ಲೇ. ಹಾಗಾಗಿ ನಟನ ನೋಟಕ್ಕೆ ನಿಜವಾದ ವಸ್ತು, ನಿಜವಾದ ದೂರದಲ್ಲಿ ಬೇಕು. ಡೂಪ್‌ನನ್ನು ಗೆರೆಯ ಆಚೆ ನಿಲ್ಲಿಸಿ, ಅವನಿರುವ ಅರ್ಧ ಬೆಸೆಯುವಾಗ ಹೇಗೂ ಕತ್ತರಿಸಿ ಹೋಗುತ್ತದೆ. ಡೂಪ್ ಎರಡು ಇಂಚು ಗಿಡ್ಡವಿದ್ದರೆ ನೋಟ ಗದ್ದಕ್ಕೆ ಬೀಳುತ್ತದೆ, ಕಾಲ ಕೆಳಗೆ ಹಲಗೆ ಕೊಡಿ. ಆಚೆಯ ಪಾತ್ರದ ಬಣ್ಣದ್ದೇ ಬಟ್ಟೆ ತೊಡಿಸಿ, ಕೆಂಪು ಸೀರೆಯ ಮುಂದೆ ನಿಂತವಳ ಕೆನ್ನೆಗೆ ಸ್ವಲ್ಪ ಕೆಂಪು ಹೊಡೆಯುವುದು ಸಹಜ. ಡೂಪ್ ಸಿಗದಿದ್ದರೆ ಒಂದು ಕೋಲು ನಿಲ್ಲಿಸಿ, ಆಚೆಯ ಪಾತ್ರದ ಕಣ್ಣಿನ ಎತ್ತರಕ್ಕೆ ಟೇಪ್ ಸುತ್ತಿ. ಪಾತ್ರ ಕೂರುತ್ತದೆ ಎಂದಿದ್ದರೆ ಇನ್ನೊಂದು ಟೇಪ್, ಕೂತಾಗಿನ ಎತ್ತರಕ್ಕೆ. ತಮ್ಮ ಕುರ್ಚಿಯಿಂದ ಏಳುವಾಗ ಅಣ್ಣನ ಕಣ್ಣು ಆ ಟೇಪಿನಿಂದ ಈ ಟೇಪಿಗೆ ಅದೇ ವೇಗದಲ್ಲಿ ಏರಬೇಕು. ಅದಕ್ಕೆ ಡೂಪ್‌ನಷ್ಟು ನೆರವು ಕೋಲಿನಿಂದ ಆಗುವುದಿಲ್ಲ.

ಮಾತಿನ ಬಿಡುವಿಗೂ ಡೂಪ್ ಬೇಕು. ಮೊದಲ ಟೇಕಿನಲ್ಲಿ ಆಚೆಯ ಸಂಭಾಷಣೆಯನ್ನು ಅವನು ನಿಗದಿಯಾದ ವೇಗದಲ್ಲಿ ಹೇಳುತ್ತಾನೆ, ನಟ ಅದನ್ನು ಕೇಳಿ ಉತ್ತರಿಸುತ್ತಾನೆ. ಟೇಕ್ ಮುಗಿದ ಕೂಡಲೇ, ವೇಷ ಕಳಚುವ ಮುಂಚೆಯೇ ಯಾವುದು ಒಳ್ಳೆಯದೆಂದು ತೀರ್ಮಾನಿಸಿ. ಎರಡನೇ ಟೇಕಿನಲ್ಲಿ ಆ ಟೇಕಿನ ಧ್ವನಿಯನ್ನು ನಟನ ಕಿವಿಗೆ ಇಯರ್‌ಫೋನಿನಲ್ಲಿ ಕೊಡಿ, ಕ್ಯಾಮೆರಾಕ್ಕೆ ಕಾಣದ ಕಿವಿಗೆ. ಇಬ್ಬರೂ ಒಟ್ಟಿಗೆ ಕೂಗಾಡುವ ದೃಶ್ಯವಾದರೆ ಡೂಪ್ ಬರೀ ತುಟಿ ಆಡಿಸಲಿ, ಅವನ ಧ್ವನಿ ನಟನ ಟ್ರ್ಯಾಕಿನಲ್ಲಿ ಸೇರಿಕೊಂಡರೆ ಬಿಡಿಸಲು ಆಗುವುದಿಲ್ಲ, ಡಬ್ಬಿಂಗೇ ಗತಿ.

ಧ್ವನಿಯ ಮಾತು ಬಂದದ್ದಕ್ಕೆ ಒಂದು ಉದಾಹರಣೆ. 1977ರ ‘ಬಭ್ರುವಾಹನ’ದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಡಾ. ರಾಜ್‌ಕುಮಾರ್ ಅವರನ್ನು ಅರ್ಜುನನಾಗಿಯೂ ಅವನ ಮಗ ಬಭ್ರುವಾಹನನಾಗಿಯೂ ಎದುರುಬದುರು ನಿಲ್ಲಿಸಿದರು. ಅಪ್ಪ-ಮಗ ಪರಸ್ಪರ ಹೀಯಾಳಿಸುವ ಹಾಡಿಗೆ ಎರಡು ಕಂಠ: ರಾಜ್‌ಕುಮಾರ್ ಅವರದ್ದು ಮತ್ತು ಪಿ.ಬಿ. ಶ್ರೀನಿವಾಸ್ ಅವರದ್ದು. ಮುಖ ಒಂದೇ ಆದರೂ ಕಣ್ಣು ಮುಚ್ಚಿ ಕೇಳಿದರೆ ಇಬ್ಬರಿದ್ದಾರೆ. ಮರುವರ್ಷ ಬಂದ ‘ಶಂಕರ್ ಗುರು’ವಿನಲ್ಲಿ ಅವರದ್ದು ತ್ರಿಪಾತ್ರ, ಅಪ್ಪ ಮತ್ತು ಇಬ್ಬರು ಅವಳಿ ಮಕ್ಕಳು. ಅಪ್ಪನನ್ನು ವಯಸ್ಸು ಬೇರೆ ಮಾಡುತ್ತದೆ, ಅವಳಿಗಳಿಗೆ ಆ ಅನುಕೂಲವಿಲ್ಲ. ನಡಿಗೆ, ನಿಲುವು, ಮಾತಿನ ವೇಗ ಇವುಗಳಲ್ಲೇ ಬೇರೆಯಾಗಬೇಕು. ಮಚ್ಚೆಯೊಂದನ್ನು ನಂಬಿ ಅವಳಿ ಪಾತ್ರ ಬರೆಯುವವರು ಈ ಚಿತ್ರವನ್ನು ಇನ್ನೊಮ್ಮೆ ನೋಡಲಿ.

ಮುಟ್ಟುವ ದೃಶ್ಯಗಳು ಮಾಸ್ಕ್‌ನಿಂದ ಆಗುವುದಿಲ್ಲ. ಅಪ್ಪುಗೆಯನ್ನು ಭುಜದ ಹಿಂದಿನಿಂದ ತೆಗೆದು, ಚಲನೆಯ ನಡುವೆಯೇ ಕತ್ತರಿಸಿ ಎದುರು ಕೋನಕ್ಕೆ ಹೋಗುತ್ತಾರೆ. ಡೂಪ್ ಆರಿಸುವಾಗ ಮುಖ ನೋಡಬೇಡಿ. ಕಿವಿ, ಕತ್ತಿನ ದಪ್ಪ, ಭುಜದ ಇಳಿಜಾರು, ಹಿಂದಲೆಯ ಕೂದಲಿನ ಅಂಚು ನೋಡಿ. ಬೇರೆ ಕಿವಿ ದೊಡ್ಡ ಪರದೆಯಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. 2010ರ ‘ದಿ ಸೋಷಿಯಲ್ ನೆಟ್‌ವರ್ಕ್’ ಇದನ್ನು ಇನ್ನೊಂದು ದಾರಿಯಲ್ಲಿ ಬಿಡಿಸಿತು: ಅವಳಿಗಳಲ್ಲಿ ಒಬ್ಬನ ದೇಹವಾಗಿ ಜೋಶ್ ಪೆನ್ಸ್ ನಟಿಸಿದರು, ಆ ದೇಹದ ಮೇಲೆ ಆರ್ಮಿ ಹ್ಯಾಮರ್ ಮುಖವನ್ನು ಕೂರಿಸಲಾಯಿತು.

ಕ್ಯಾಮೆರಾ ಚಲಿಸಬೇಕೆಂದರೆ ಎರಡೂ ಸಲ ಅದೇ ಹಾದಿಯಲ್ಲಿ ಅದೇ ವೇಗದಲ್ಲಿ ಚಲಿಸಬೇಕು. ಕಂಪ್ಯೂಟರ್ ಹಿಡಿತದ ಮೋಷನ್ ಕಂಟ್ರೋಲ್ ಬಂದದ್ದು ಅದಕ್ಕೇ, 1988ರ ‘ಡೆಡ್ ರಿಂಗರ್ಸ್’ನಲ್ಲಿ ಜೆರೆಮಿ ಐರನ್ಸ್ ಅವರ ಅವಳಿ ವೈದ್ಯರ ಜೊತೆ ಕ್ಯಾಮೆರಾವೂ ನಡೆಯುತ್ತದೆ. ಅಷ್ಟು ದುಡ್ಡಿಲ್ಲದವರು 4ಕೆಯಲ್ಲಿ ಸ್ಥಿರವಾಗಿ ತೆಗೆದು, ಎರಡೂ ಅರ್ಧ ಬೆಸೆದ ಮೇಲೆ 1080ರ ಚೌಕಟ್ಟನ್ನು ಅದರೊಳಗೆ ನಿಧಾನ ಸರಿಸಬಹುದು. ಅಗಲ ಎರಡರಷ್ಟು ಇರುವುದರಿಂದ ಚಿತ್ರ ಒಡೆಯುವುದಿಲ್ಲ. ಸರಿಸುವ ಶುರು ಮತ್ತು ಕೊನೆ ಮೆತ್ತಗಿರಲಿ.

ಬೆಸೆಯುವಾಗ ಮಾಸ್ಕಿನ ಅಂಚನ್ನು ಕಂಬದ ಮೇಲಾದರೆ ಎರಡು ಮೂರು ಪಿಕ್ಸೆಲ್, ಬರಿ ಗೋಡೆಯ ಮೇಲಾದರೆ ಹತ್ತರಿಂದ ಇಪ್ಪತ್ತು ಪಿಕ್ಸೆಲ್ ಮಸುಕು ಮಾಡಿ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಕಡಿಮೆ ಇಟ್ಟು ತೆಗೆದಿದ್ದರೆ ಚಿತ್ರದಲ್ಲಿ ಮೂಡುವ ಸಣ್ಣ ಕಾಳು ಎರಡೂ ಕಡೆ ಹೊಂದುತ್ತದೆ. ಕೊನೆಗೆ ಚಿತ್ರದ ನಡುಬೆಳಕನ್ನು ಹೆಚ್ಚುಕಡಿಮೆ ಮಾಡುವ ಗಾಮಾವನ್ನು ವಿಪರೀತ ಏರಿಸಿ ಶಾಟನ್ನು ಮೂರು ಸಲ ಓಡಿಸಿ, ಕಣ್ಣಿಗೆ ಕಾಣದ ಗೆರೆ ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಚಿತ್ರವನ್ನು ಎಡಬಲ ಮಗುಚಿ, ಧ್ವನಿ ನಿಲ್ಲಿಸಿ ಇನ್ನೊಮ್ಮೆ. ಆಗ ನೋಡಬೇಕಾದದ್ದು ಗೆರೆಯನ್ನಲ್ಲ, ಒಬ್ಬನು ಬಾಯಿ ಮುಚ್ಚಿದಾಗ ಇನ್ನೊಬ್ಬನ ಕಣ್ಣು ಎಲ್ಲಿದೆ ಅನ್ನುವುದನ್ನು.