ನೋವಿಲ್ಲ ಕಣೇ, ಸಂಕಟ

ಹೋದ ವರ್ಷ ಜನವರಿಯಲ್ಲಿ ಒಂದು ರಾತ್ರಿ, ಮೂರು ಗಂಟೆ ಇರಬಹುದು, ಅಮ್ಮ ಎದ್ದು ಮಂಚದ ಅಂಚಿನಲ್ಲಿ ಕೂತಿದ್ದಳು. ಲೈಟ್ ಹಾಕಿದೆ. ಅಂಥ ಚಳಿಯಲ್ಲೂ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಳು. ಇನ್ನೊಂದು ಕೈಯನ್ನು ಎದೆ ಮುಗಿದು ಹೊಟ್ಟೆ ಶುರುವಾಗುವ ಜಾಗಕ್ಕೆ ಒತ್ತಿ ಹಿಡಿದಿದ್ದಳು. "ಏನಮ್ಮ, ಎದೆ ನೋವಾ?" ಅಂದೆ. "ನೋವಿಲ್ಲ ಕಣೇ, ಸಂಕಟ" ಅಂದಳು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ನೋವು ಎಲ್ಲಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರು. ಅಮ್ಮನದು ಮತ್ತೆ ಅದೇ ಮಾತು. "ನೋವಿಲ್ಲಪ್ಪ, ಒಂಥರಾ ಸಂಕಟ." ಅದನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಬಾಯಿಗೆ ಬಂದ ಪದ ಅಸಿಡಿಟಿ. ಒಂದು ಇಂಜೆಕ್ಷನ್ ಕೊಟ್ಟು, ಗ್ಯಾಸಿಗೆ ಮಾತ್ರೆ ಬರೆದು ಮನೆಗೆ ಕಳಿಸಿದರು. ಬೆಳಗ್ಗೆ ಹತ್ತಕ್ಕೆ ಬೇರೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಗೊತ್ತಾಯಿತು, ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾಳೆ. ಆದರೆ ಆ ಏಳು ಗಂಟೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅಮ್ಮ ಸರಿಯಾದ ಪದವನ್ನೇ ಹೇಳಿದ್ದಳು. ಅದನ್ನು ಬೇರೆ ಏನೋ ಮಾಡಿದವಳು ನಾನು.

ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಆದಾಗ ಎದೆ ನೋವು ಬರದೇ ಇರಬಹುದು. ಬೆವರು, ವಾಕರಿಕೆ, ಉಸಿರು ಕಟ್ಟಿದ ಹಾಗೆ, ವಿಪರೀತ ಸುಸ್ತು, ಇಷ್ಟೇ ಇರಬಹುದು. ಅಮ್ಮನಿಗೆ ಹದಿನೈದು ವರ್ಷದಿಂದ ಶುಗರ್. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಅವತ್ತಿನಿಂದ ಈ ಪದದ ಹಿಂದೆ ಬಿದ್ದಿದ್ದೇನೆ. ಯಾರು ಯಾವಾಗ ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳುತ್ತೇನೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಬಸ್ಸು ಇಳಿಯುವಾಗ ಹಿಂದಿನ ಸೀಟಿನಿಂದ ಕೇಳಿಸುತ್ತದೆ, "ಸಂಕಟ ಆಗ್ತಿದೆ, ಕಿಟಕಿ ತೆಗೀರಿ." ಬಸುರಿ ಹುಡುಗಿ ಹೇಳುತ್ತಾಳೆ, "ಬೆಳಗ್ಗೆ ಎದ್ರೆ ಸಾಕು, ಸಂಕಟ." ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದರೂ ಸಂಕಟವೇ. ಪಕ್ಕದ ಮನೆಯವರು ಎರಡನೇ ಮಹಡಿ ಕಟ್ಟಿದರೆ ಕೆಲವರಿಗೆ ಹೊಟ್ಟೆ ಸಂಕಟ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕೂತವರೂ ಇದೇ ಪದ ಹೇಳುತ್ತಾರೆ, ಹೆತ್ತ ಹೊಟ್ಟೆಯ ಸಂಕಟ ಯಾರಿಗೆ ಗೊತ್ತಾಗುತ್ತೆ ಅಂತ. ಬಸ್ಸಿನ ವಾಂತಿಗೂ ಪುತ್ರಶೋಕಕ್ಕೂ ಒಂದೇ ಪದ ಅಂದರೆ ಮೊದಲು ನನಗೆ ವಿಚಿತ್ರ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಎರಡೂ ಒಳಗಿನಿಂದ ಎದ್ದು ಬರುತ್ತವೆ, ಬಂದು ಗಂಟಲ ಹತ್ತಿರ ನಿಲ್ಲುತ್ತವೆ, ಆಚೆಗೂ ಬರುವುದಿಲ್ಲ, ಒಳಗೂ ಇಳಿಯುವುದಿಲ್ಲ.

ನೋವಿಗೆ ಒಂದು ಜಾಗ ಇರುತ್ತದೆ. ಹಲ್ಲು ನೋವು, ಮಂಡಿ ನೋವು, ಇಲ್ಲೇ ಅಂತ ಬೆರಳಿಟ್ಟು ತೋರಿಸಬಹುದು. ಸಂಕಟವನ್ನು ಬೆರಳಿಟ್ಟು ತೋರಿಸಿದವರನ್ನು ನಾನು ನೋಡಿಲ್ಲ. ಎಲ್ಲರೂ ಇಡೀ ಅಂಗೈ ಇಡುತ್ತಾರೆ. ನೀವೂ ಗಮನಿಸಿ ನೋಡಿ.

ಪದ ಬಂದಿದ್ದು ಸಂಸ್ಕೃತದಿಂದ. ಅಲ್ಲಿ ಮೊದಲ ಅರ್ಥ ಕಿರಿದಾದದ್ದು, ಇಕ್ಕಟ್ಟಾದದ್ದು. ಬಂಗಾಳಿಯಲ್ಲಿ ಇವತ್ತಿಗೂ ಬೆಟ್ಟಗಳ ನಡುವಿನ ಕಿರಿದಾದ ದಾರಿಗೆ ಗಿರಿಸಂಕಟ ಅನ್ನುತ್ತಾರೆ. ಇದು ಗೊತ್ತಾದಾಗ ತುಂಬಾ ಖುಷಿಯಾಯಿತು, ಯಾಕೆಂದರೆ ನಮ್ಮದೇ ಅಚ್ಚಗನ್ನಡದ ಇಕ್ಕಟ್ಟು ಕೂಡ ಇದೇ ದಾರಿ ಹಿಡಿದಿದೆ ಅಲ್ವಾ? ಓಣಿಯೂ ಇಕ್ಕಟ್ಟು, ಮನುಷ್ಯ ಸಿಕ್ಕಿಕೊಳ್ಳುವುದೂ ಇಕ್ಕಟ್ಟಿಗೆ. ಉಭಯಸಂಕಟಕ್ಕೆ ನಾವು ಹೇಳುವ ಗಾದೆಯೂ ಅಂಥದ್ದೇ ಜಾಗದ್ದು. ಅತ್ತ ದರಿ, ಇತ್ತ ಪುಲಿ, ನಡುವೆ ನಿಲ್ಲುವಷ್ಟೇ ನೆಲ.

ಹಿಂದಿಯವರು ಇದೇ ಪದವನ್ನು ಹೆಚ್ಚಾಗಿ ಹೊರಗಿನ ಆಪತ್ತಿಗೆ ಬಳಸುತ್ತಾರೆ. ನೀರಿನ ಅಭಾವ ಅಲ್ಲಿ ಜಲಸಂಕಟ. ಕನ್ನಡದ ಪೇಪರಿನಲ್ಲಿ ಅಂಥ ಕಡೆ ಬಿಕ್ಕಟ್ಟು ಅಂತಲೋ ಸಂಕಷ್ಟ ಅಂತಲೋ ಬರೆಯುತ್ತಾರೆ. ರೈತರು ಸಂಕಷ್ಟದಲ್ಲಿದ್ದಾರೆ ಅಂದರೆ ಮಳೆ, ಸಾಲ, ಬೆಲೆ ನೆನಪಾಗುತ್ತದೆ. ರೈತನ ಸಂಕಟ ಅಂದರೆ ಆ ಮನುಷ್ಯ ರಾತ್ರಿ ನಿದ್ದೆ ಬರದೆ ಜಗಲಿ ಮೇಲೆ ಕೂತಿದ್ದು ಕಾಣುತ್ತದೆ. ನಮ್ಮಲ್ಲೂ ಹಳೆಯ ಅರ್ಥ ಪೂರ್ತಿ ಹೋಗಿಲ್ಲ, "ಸಂಕಟ ಬಂದಾಗ ವೆಂಕಟರಮಣ" ಅನ್ನುವಾಗ ಬರುವುದು ಹೊರಗಿನ ಆಪತ್ತೇ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಅನ್ನುವಲ್ಲಿ ಮಾತ್ರ ಎರಡೂ ಇವೆ, ಎದುರಿಗೆ ಬೆಕ್ಕೂ ಇದೆ, ಇಲಿಯ ಎದೆ ಹೊಡೆದುಕೊಳ್ಳುವುದೂ ಕೇಳಿಸುತ್ತದೆ.

ಈಚೆಗೆ ಎಲ್ಲದಕ್ಕೂ ಸ್ಟ್ರೆಸ್, ಟೆನ್ಷನ್ ಅಂದುಬಿಡುತ್ತೇವೆ. ನಾನೂ ಅನ್ನುತ್ತೇನೆ. ಆದರೆ ಟೆನ್ಷನ್ ಅಂದಾಗ ತಲೆ ಬಿಸಿಯಾದದ್ದು ಗೊತ್ತಾಗುತ್ತದೆ, ಹೊಟ್ಟೆ ಕಿವುಚಿದ್ದು ಗೊತ್ತಾಗುವುದಿಲ್ಲ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಸಂಕಟ ಅಂದರೆ ಅದಕ್ಕೆ ಇನ್ನೊಂದು ಪದ ಹುಡುಕುವ ಮೊದಲು, ಬೆವರುತ್ತಿದ್ದಾರಾ, ಉಸಿರು ಸರಿಯಾಗಿ ಆಡುತ್ತಿದೆಯಾ, ಎಷ್ಟು ಹೊತ್ತಿನಿಂದ ಹೀಗಿದೆ ಅಂತ ದಯವಿಟ್ಟು ಕೇಳಿ. ಡಾಕ್ಟರಿಗೆ ಅದನ್ನು ಹಾಗೆ ಹಾಗೆಯೇ ಹೇಳಿ. ಒಂದು ಇಸಿಜಿ ತೆಗೀರಿ ಅಂತ ನಾನು ಅವತ್ತು ಬಾಯಿಬಿಟ್ಟು ಕೇಳಬೇಕಿತ್ತು.

ಮೊನ್ನೆ ಸಂಜೆ ಅಮ್ಮ ಕಾಫಿ ಕುಡಿಯುತ್ತಾ ಕೂತಿದ್ದಳು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರ ಮಗು ಒಂದೇ ಸಮನೆ ಅಳುತ್ತಿತ್ತು. "ಯಾಕೋ ಸಂಕಟ ಆಗುತ್ತೆ ಕಣೇ" ಅಂದಳು. ನಾನು ತಕ್ಷಣ ಎದ್ದು ನಿಂತೆ. "ಯಾವ ಸಂಕಟ ಅಮ್ಮ?"

"ಅಯ್ಯೋ, ಆ ಸಂಕಟ ಅಲ್ಲ, ಕೂತ್ಕೋ. ಮಗು ಅಳ್ತಿದೆ ಅಲ್ವಾ, ಅದಕ್ಕೆ."

ಕೈ ಮಾತ್ರ ಅದೇ ಜಾಗದಲ್ಲಿತ್ತು.