ಮೈಕಿನ ಪಕ್ಕದಲ್ಲಿ ಸುಮ್ಮನಿರುವ ಕಂಪ್ಯೂಟರ್

ರೆಕಾರ್ಡಿಂಗ್‌ಗೆ ಅಂತ ಕಂಪ್ಯೂಟರ್ ಜೋಡಿಸುತ್ತಿದ್ದೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ನಾನು ಮೊದಲು ನೋಡಿದ್ದು ಫ್ಯಾನುಗಳನ್ನು. ನಾನು ಕೊಳಲು ನುಡಿಸುವವಳು. ಮೈಕು, ಕಂಪ್ಯೂಟರು, ನಾನು ಎಲ್ಲ ಒಂದೇ ಕೋಣೆಯಲ್ಲಿ. ಮಂದ್ರದಲ್ಲಿ ಮೆಲ್ಲಗೆ ಊದಿದ ಸ್ವರ ಕರಗುತ್ತಾ ಹೋಗುವಾಗ ಅದರಡಿಯಲ್ಲಿ ‘ಗುಂಯ್’ ಅಂತ ಫ್ಯಾನ್ ಕೇಳಿಸಿದರೆ ಆ ಟೇಕ್ ಹೋದ ಹಾಗೇ. ಆಮೇಲೆ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿ ಸದ್ದು ತೆಗೆಯಬಹುದು, ನಿಜ. ಆದರೆ ಅದು ಫ್ಯಾನಿನ ಜೊತೆ ಕೊಳಲಿನ ಉಸಿರನ್ನೂ ಕೆರೆದು ಹಾಕುತ್ತದೆ. ಆ ಉಸಿರು ಇಲ್ಲದಿದ್ದರೆ ಕೊಳಲು ಕೊಳಲೇ ಅಲ್ಲ.

ಹಾಗಾಗಿ ಪ್ರೊಸೆಸರ್ ತಣಿಸಲು ದೊಡ್ಡ ಕೂಲರ್, 140 ಮಿಲಿಮೀಟರಿನ ಫ್ಯಾನುಗಳು. ಫ್ಯಾನ್ ದೊಡ್ಡದಿದ್ದಷ್ಟೂ ನಿಧಾನವಾಗಿ ತಿರುಗಿಯೇ ಬೇಕಾದಷ್ಟು ಗಾಳಿ ತಳ್ಳುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲಿಲ್ಲ. ಟ್ರ್ಯಾಕುಗಳನ್ನು ಪರದೆ ಮೇಲೆ ತೋರಿಸಲು ಪ್ರೊಸೆಸರ್ ಒಳಗಿರುವ ಗ್ರಾಫಿಕ್ಸ್ ಸಾಕು, ಸದ್ದು ಮಾಡುವ ಒಂದು ಫ್ಯಾನೂ ಕಡಿಮೆಯಾಯಿತು. ಇಂಟೆಲ್ ಕೊಳ್ಳುವವರು ಹೆಸರಿನ ಕೊನೆಯ ಅಕ್ಷರ ನೋಡಿಕೊಳ್ಳಿ: ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಪವರ್ ಸಪ್ಲೈ ಬೇಕಾದ್ದಕ್ಕಿಂತ ಜಾಸ್ತಿ ವ್ಯಾಟಿನದ್ದು, ಕಡಿಮೆ ಲೋಡಿನಲ್ಲಿ ಫ್ಯಾನ್ ಪೂರ್ತಿ ನಿಲ್ಲಿಸುವ ಬಗೆಯದ್ದು.

ಜೋಡಿಸಿದ ಮೇಲೆ ಮಾಡಿದ ಮೊದಲ ರೆಕಾರ್ಡಿಂಗ್ ಖಾಲಿ ಕೋಣೆಯದ್ದು. ಕೊಳಲಿಗೆ ಇಡುವಷ್ಟೇ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಟ್ಟು, ಒಂದು ನಿಮಿಷ ಉಸಿರು ಬಿಗಿಹಿಡಿದ ಹಾಗೆ ಕೂತು, ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿದೆ. ಸದ್ದು ಕಡಿಮೆಯೇ ಇತ್ತು, ಆದರೆ ಆಗಾಗ ಏರಿ ಇಳಿಯುತ್ತಿತ್ತು. ಕಿವಿ ಒಂದೇ ಸಮನೆ ಇರುವ ಸದ್ದನ್ನು ಬೇಗ ಮರೆಯುತ್ತದೆ, ಬದಲಾಗುವ ಸದ್ದಿನ ಹಿಂದೆ ಮಾತ್ರ ಓಡುತ್ತದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಒಂದೊಂದೇ ಫ್ಯಾನಿನ ವೇಗ ಇಳಿಸುತ್ತಾ ಹೋದೆ. ಏರಿಳಿತ ಪ್ರೊಸೆಸರಿನ ಫ್ಯಾನಿನದ್ದು. ಪ್ರೊಸೆಸರ್ ಒಂದು ಕ್ಷಣ ಬಿಸಿಯಾದರೂ ಅದು ಎದ್ದು ಓಡುತ್ತಿತ್ತು. ತಾಪ ಏರಿ ಕೆಲವು ಸೆಕೆಂಡ್ ಆದ ಮೇಲಷ್ಟೇ ವೇಗ ಬದಲಿಸು ಅಂತ ಹೊಂದಿಸಿದೆ. ಎರಡನೇ ಸಲ ಕೇಳಿದಾಗ ಏರಿಳಿತವೇ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅದೇ ಮೌನವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ.

ಇನ್ನು ತಡ, ಅಂದರೆ ನುಡಿಸಿದ್ದು ಕಂಪ್ಯೂಟರಿಗೆ ಹೋಗಿ ಕಿವಿಗೆ ವಾಪಸ್ ಬರಲು ಹಿಡಿಯುವ ಹೊತ್ತು. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ಲೆಕ್ಕದಲ್ಲಿ, ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್ ಕಂತೆ, 128 ಇಟ್ಟರೆ ಒಂದು ಬಫರ್ ತುಂಬಲು ಸುಮಾರು 2.7 ಮಿಲಿಸೆಕೆಂಡ್. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಮೇಲೆ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ತೆಗೆದುಕೊಳ್ಳುವ ಹೊತ್ತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಒಟ್ಟು 10 ಮಿಲಿಸೆಕೆಂಡ್ ತಡವಾದರೆ ಸ್ಪೀಕರಿನಿಂದ ಸುಮಾರು ಮೂರೂವರೆ ಮೀಟರ್ ದೂರ ನಿಂತು ಕೇಳಿದಷ್ಟು. ಕೊಳಲಿಗೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಒತ್ತಿದರೆ ಈ ಗೋಳೇ ಇಲ್ಲ, ಸದ್ದು ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಆದರೆ ಕೀಬೋರ್ಡಿನಲ್ಲಿ ಸಾಫ್ಟ್‌ವೇರ್ ಪಿಯಾನೋ ನುಡಿಸುವಾಗ ಆ ದಾರಿ ಇಲ್ಲ, ಸದ್ದು ಹುಟ್ಟುವುದೇ ಕಂಪ್ಯೂಟರಿನೊಳಗೆ ಅಲ್ವಾ.

ಬಫರ್ ಇಳಿಸಿದರೆ ‘ಚಟ್ ಚಟ್’ ಶುರುವಾಗಬಹುದು. ಪ್ರೊಸೆಸರ್ 20 ಶೇಕಡಾ ಮಾತ್ರ ಬಳಕೆ ಅಂತ ತೋರಿಸುತ್ತಿರುತ್ತದೆ, ಆದರೂ ಚಟ್ ಚಟ್. ಯಾಕೆಂದರೆ ಇಲ್ಲಿ ಸರಾಸರಿಗೆ ಬೆಲೆ ಇಲ್ಲ. ಪ್ರತಿ 2.7 ಮಿಲಿಸೆಕೆಂಡಿಗೂ ಕೆಲಸ ಮುಗಿದಿರಲೇಬೇಕು. ಮಧ್ಯೆ ಯಾವುದೋ ಡ್ರೈವರ್ ಬಂದು ಪ್ರೊಸೆಸರನ್ನು ಹಿಡಿದಿಟ್ಟರೆ ಆ ಒಂದು ಬಫರ್ ತಪ್ಪುತ್ತದೆ, ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯವರದ್ದೇ ಏಸಿಯೋ (ತಡ ಕಡಿಮೆ ಮಾಡುವ ಆಡಿಯೋ) ಡ್ರೈವರ್ ಹಾಕಿ, ಲೇಟೆನ್ಸಿಮಾನ್ ಎನ್ನುವ ಸಣ್ಣ ಪ್ರೋಗ್ರಾಂ ಓಡಿಸಿ ನೋಡಿ. ಹೊತ್ತು ತಿನ್ನುವ ಡ್ರೈವರ್ ಯಾವುದು ಅಂತ ಹೆಸರು ಸಮೇತ ಹೇಳುತ್ತದೆ. ನನ್ನದರಲ್ಲಿ ಅದು ವೈಫೈ. ಬಯೋಸ್‌ನಲ್ಲೇ ಅದನ್ನು ಆಫ್ ಮಾಡಿ ನೆಟ್‌ವರ್ಕ್ ಕೇಬಲ್ ಎಳೆದೆ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ಕೋರುಗಳು (ಅದರೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಭಾಗಗಳು) ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅಂತ ನೋಡಿ. ಒಂದು ಟ್ರ್ಯಾಕಿನಲ್ಲಿ ಐದು ಪ್ಲಗಿನ್ ಸಾಲಾಗಿದ್ದರೆ, ಮೊದಲನೆಯದು ಮುಗಿಸಿ ಕೊಡದೆ ಎರಡನೆಯದಕ್ಕೆ ಕೆಲಸವೇ ಇಲ್ಲ. ಆ ಸಾಲನ್ನು ಕೋರುಗಳಿಗೆ ಹಂಚುವುದು ಕಷ್ಟ.

ಡಿಸ್ಕಿನ ಚಿಂತೆ ರೆಕಾರ್ಡಿಂಗ್‌ಗೆ ಬೇಡವೇ ಬೇಡ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ಹತ್ತು ನಿಮಿಷಕ್ಕೆ 86 ಎಂಬಿ ಅಷ್ಟೇ. ದೊಡ್ಡ ಡಿಸ್ಕು, ರ್‍ಯಾಮ್ ಎರಡನ್ನೂ ಕೇಳುವುದು ಸ್ಯಾಂಪಲ್ ವಾದ್ಯಗಳು, ಅಂದರೆ ನಿಜವಾದ ವಾದ್ಯದ ಸ್ವರಗಳನ್ನು ರೆಕಾರ್ಡ್ ಮಾಡಿ ಕಟ್ಟಿದ ಸಾಫ್ಟ್‌ವೇರ್ ವಾದ್ಯಗಳು. ಪ್ರತಿ ಸ್ವರದ ಆರಂಭದ ತುಣುಕನ್ನು ರ್‍ಯಾಮಿನಲ್ಲಿ ಇಟ್ಟುಕೊಂಡು ಉಳಿದದ್ದನ್ನು ಎಸ್‌ಎಸ್‌ಡಿಯಿಂದ ಎಳೆಯುವುದು ಅವುಗಳ ರೀತಿ. ವಾದ್ಯವೃಂದದ ಲೈಬ್ರರಿ ಬಳಸುವ ಆಸೆ ಇದ್ದರೆ ರ್‍ಯಾಮನ್ನು ಮೊದಲೇ ದೊಡ್ಡದಾಗಿ ಕೊಳ್ಳಿ. ಡಿಡಿಆರ್5 ಬಗೆಯ ಮೆಮೊರಿ ಹಾಕುವ ಬೋರ್ಡುಗಳಲ್ಲಿ ನಾಲ್ಕು ಸ್ಟಿಕ್ ತುಂಬಿಸಿದರೆ ಸಾಮಾನ್ಯವಾಗಿ ವೇಗ ಇಳಿಯುತ್ತದೆ. ಅದಕ್ಕೇ ನಾನು 32 ಜಿಬಿಯ ಎರಡು ಸ್ಟಿಕ್ ಹಾಕಿ, ಉಳಿದ ಎರಡು ಸ್ಲಾಟ್ ಖಾಲಿ ಬಿಟ್ಟಿದ್ದೇನೆ.