ಬದುವಿನ ಆಚೆ ಇರುವ ಜೀವ ಈಚೆ ಯಾಕಿಲ್ಲ?

ಚಳ್ಳಕೆರೆ ಸೀಮೆಯ ನಮ್ಮ ಶೇಂಗಾ ಹೊಲಕ್ಕೂ ಪಕ್ಕದ ಕಾವಲಿಗೂ (ದನ ಮೇಯುವ ಹುಲ್ಲುಗಾವಲು) ನಡುವೆ ಇರುವುದು ಒಂದು ಬದು ಅಷ್ಟೇ. ಎರಡೂ ಕಡೆ ಅದೇ ಕೆಂಪು ಮರಳು ಮಣ್ಣು, ಬೀಳುವುದೂ ಅದೇ ಮಳೆ. ಆದರೆ ಕಾವಲಿನ ಮಣ್ಣು ಚೆನ್ನಾಗಿ ಉಸಿರಾಡುತ್ತದೆ, ಅಂದರೆ ಅದರೊಳಗಿನ ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ನಮ್ಮದಕ್ಕೆ ಆ ಉಸಿರೇ ಕಮ್ಮಿ.

ಇದನ್ನು ಮನೆಯಲ್ಲೇ ನೋಡಬಹುದು. ಬಿಗಿ ಮುಚ್ಚಳದ ಗಾಜಿನ ಬಾಟಲಿ ಮೂರು ಬೇಕು. ಒಂದಕ್ಕೆ ಕಾವಲಿನ ಮಣ್ಣು, ಇನ್ನೊಂದಕ್ಕೆ ಹೊಲದ್ದು, ತೂಕ ಒಂದೇ ಇರಲಿ. ಬೇರು, ಕಡ್ಡಿ ಆರಿಸಿ ಜರಡಿ ಹಿಡಿಯಿರಿ. ಮೂರನೆಯದು ಖಾಲಿ. ಬಾಟಲಿಯೊಳಗಿನ ಗಾಳಿಯ ಪಾಲೆಷ್ಟು ಅಂತಲೂ ಗೊತ್ತಾಗಬೇಕು ಅಲ್ವಾ? ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ, ಮೂರರಲ್ಲೂ ಸುಣ್ಣದ ತಿಳಿನೀರಿನ ಪುಟ್ಟ ಬಟ್ಟಲು ಇಟ್ಟು ಮುಚ್ಚಿ. ಮಾರನೇ ದಿನ ನಮ್ಮಲ್ಲಿ ಕಾವಲಿನ ಬಾಟಲಿಯ ತಿಳಿನೀರಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಅಲ್ಲಾಡಿಸಿದರೆ ಚೂರುಚೂರಾಗಿ ತಳಕ್ಕೆ ಇಳಿಯಿತು. ಹೊಲದ್ದು ಖಾಲಿ ಬಾಟಲಿಗಿಂತ ತುಸು ಮಬ್ಬು, ಅಷ್ಟೇ. ಮಣ್ಣಿನ ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಲ್ಯಾಬಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇಟ್ಟು ಅಳೆಯುವುದೂ ಈ ಇಂಗಾಲದ ಡೈಆಕ್ಸೈಡನ್ನೇ.

ಈ ವ್ಯತ್ಯಾಸಕ್ಕೆ ಕಾರಣ ಆ ಸೂಕ್ಷ್ಮಜೀವಿಗಳ ಊಟ. ಕಾವಲಿಗೆ ನೇಗಿಲು ಬೀಳುವುದಿಲ್ಲ. ಹುಲ್ಲಿನ ಬೇರು ಅಲ್ಲೇ ಸಾಯುತ್ತದೆ, ಅಲ್ಲೇ ಕೊಳೆಯುತ್ತದೆ, ಸಗಣಿಯೂ ಬೀಳುತ್ತದೆ. ನಮ್ಮಲ್ಲಿ ಶೇಂಗಾ ಕಿತ್ತರೆ ಬೇರೂ ಜೊತೆಗೇ ಬರುತ್ತದೆ, ಬಳ್ಳಿ ದನಕ್ಕೆ ಮೇವಾಗುತ್ತದೆ. ಆಮೇಲೆ ಬೇಸಿಗೆಯೆಲ್ಲ ಹೊಲ ಬೋಳು. ಸಾಲದ್ದಕ್ಕೆ ರಂಟೆ, ಕುಂಟೆ ಹೊಡೆದಾಗಲೆಲ್ಲ ಮಣ್ಣಿನ ಕಣ ಕಟ್ಟಿ ಹಿಡಿಯುವ ಶಿಲೀಂಧ್ರದ ಎಳೆಗಳು ತುಂಡಾಗುತ್ತವೆ.

ಬೇರೆ ಬೇರೆ ಊರಿನ ಮಣ್ಣು ಹೋಲಿಸಿದರೆ ಮಣ್ಣಿನ ಗುಣದ್ದೂ ಪಾಲಿದೆ. ಎರೆ (ಕಪ್ಪು) ಮಣ್ಣಿನಲ್ಲಿ ಜೇಡಿ ಜಾಸ್ತಿ. ತೇವ ನಿಲ್ಲುತ್ತದೆ, ಇಂಗಾಲವೂ ಜೇಡಿಗೆ ಅಂಟಿಕೊಂಡು ಉಳಿಯುತ್ತದೆ. ಮರಳು ಮಣ್ಣಿಗೆ ಆ ಆಸರೆ ಇಲ್ಲ. ದಾವಣಗೆರೆಯ ಭದ್ರಾ ನಾಲೆಯ ಗದ್ದೆಗಳ ಕಥೆಯೇ ಬೇರೆ: ನೀರು ನಿಂತು ಆಮ್ಲಜನಕ ಮುಗಿದರೆ ಮೀಥೇನ್ ಬಿಡುವ ಜೀವಿಗಳು ಮೇಲುಗೈ ಪಡೆಯುತ್ತವೆ.

ಮಣ್ಣು ಪರೀಕ್ಷಿಸಿ ಸರ್ಕಾರ ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶಗಳಿವೆ. ಸಾವಯವ ಇಂಗಾಲವೂ ಇದೆ, ಶೇ. 0.5ಕ್ಕಿಂತ ಕೆಳಗಿದ್ದರೆ ಕೊರತೆ. ಮಣ್ಣಿನ ಉಸಿರಾಟ ಮಾತ್ರ ಇಲ್ಲ. ಅದು ಇರಲೇಬೇಕು ಅನ್ನುತ್ತೇನೆ ನಾನು. ಗೊಬ್ಬರದ ಸಾರಜನಕವನ್ನು ಬೆಳೆಗೆ ಬಿಡಿಸಿಕೊಡುವುದು ಈ ಜೀವಿಗಳೇ. ನಾವು ಎರಚುವ ಯೂರಿಯಾ ಒಡೆಯುವುದಕ್ಕೂ ಅವುಗಳ ಕಿಣ್ವವೇ ಬೇಕು.

ಈ ಸಲ ಅರ್ಧ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದೇವೆ. ಶೇಂಗಾ ನಡುವೆ ಅಕ್ಕಡಿಗೆ ತೊಗರಿಯನ್ನೂ ಹಾಕುತ್ತೇವೆ, ಅದರ ಎಲೆ ಅಲ್ಲೇ ಉದುರಲಿ. ಮಂದೆ ನಿಂತ ಕಡೆಯ ಮಣ್ಣನ್ನೂ ನಿಲ್ಲದ ಕಡೆಯದ್ದನ್ನೂ ಬಿತ್ತನೆಗೆ ಮುಂಚೆ ಬಾಟಲಿಗೆ ಹಾಕಿ ನೋಡಿ ಬರೆಯುತ್ತೇನೆ.